ನಮ್ಮ ಸೀಮೆಯ ಕಲ್ಲುಗಳನ್ನು ಓದಿದ ರೈಸ್ ಸಾಹೇಬರು

ಸಂಘದ ಬೆಳ್ಳಿಹಬ್ಬದ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದುಕೊಡಿ ಅಂತ ಆಡಳಿತ ಮಂಡಳಿಯವರು ಕೇಳಿದರು. ಬಸವಣ್ಣನವರು, ಗಾಂಧೀಜಿ, ವಿಶ್ವೇಶ್ವರಯ್ಯನವರು ಇವರ ಬಗ್ಗೆ ನಮ್ಮ ಸದಸ್ಯರಿಗೆ ನಾನು ಹೊಸದಾಗಿ ಹೇಳುವಂಥದ್ದು ಏನೂ ಇಲ್ಲ. ಅವರ ಫೋಟೋಗಳು ಸಂಘದ ಕಚೇರಿಯಲ್ಲೇ ಇವೆ. ಹಾಗಾಗಿ ಫೋಟೋ ಇಲ್ಲದ ಒಬ್ಬರನ್ನು ಆರಿಸಿಕೊಂಡಿದ್ದೇನೆ. ಹರಿಹರ, ದಾವಣಗೆರೆ, ಅಣಜಿ, ಬೇತೂರು ಈ ಊರುಗಳ ಹಳೆಯ ಲೆಕ್ಕಪತ್ರವನ್ನೆಲ್ಲ ಕಲ್ಲಿನ ಮೇಲಿಂದ ಓದಿ ಪುಸ್ತಕಕ್ಕೆ ಇಳಿಸಿದವರು ಅವರು. ಹೆಸರು ಬೆಂಜಮಿನ್ ಲೂಯಿ ರೈಸ್. ಬಿ. ಎಲ್. ರೈಸ್ ಅಂತಲೇ ಪ್ರಸಿದ್ಧರು. ಭತ್ತ ಬೆಳೆಯುವ ನಮಗೆ ರೈಸ್ ಅಂದರೆ ಅಕ್ಕಿಯೇ ನೆನಪಾಗುತ್ತೆ, ಇರಲಿ. ಕನ್ನಡ ವಿದ್ವಾಂಸರು ಇವರನ್ನು ಶಾಸನ ಪಿತಾಮಹ ಅಂತ ಕರೆಯುತ್ತಾರೆ.

ಸಹಕಾರ ಸಂಘಕ್ಕೂ ಶಾಸನಕ್ಕೂ ಏನು ಸಂಬಂಧ ಅಂತ ಕೆಲವರು ಕೇಳಬಹುದು. ನಮ್ಮ ಸಂಘ ನಡೆಯುವುದು ಬರಹದ ಮೇಲೆ. ನಡಾವಳಿ ಪುಸ್ತಕ, ಷೇರು ಪುಸ್ತಕ, ಸಾಲದ ಖಾತೆ ಇವಿಷ್ಟು ಇಲ್ಲದಿದ್ದರೆ ಇಪ್ಪತ್ತೈದು ವರ್ಷವಲ್ಲ, ಇಪ್ಪತ್ತೈದು ದಿವಸವೂ ನಡೆಯುವುದಿಲ್ಲ. ಯಾರು ಎಷ್ಟು ಕೊಟ್ಟರು, ಯಾರ ಪಾಲು ಎಷ್ಟು, ನಾಳೆ ದುರಸ್ತಿ ಬಂದರೆ ಯಾರು ಹಣ ಹಾಕಬೇಕು, ಇದನ್ನೆಲ್ಲ ನಮ್ಮ ಹಿರಿಯರು ಕಾಗದ ಇಲ್ಲದ ಕಾಲದಲ್ಲಿ ಕಲ್ಲಿನ ಮೇಲೆ ಕೊರೆಸಿ ಗುಡಿಯ ಮುಂದೆ ನಿಲ್ಲಿಸುತ್ತಿದ್ದರು. ಆ ಕಲ್ಲು ಓದಲು ಬರುವವರು ಹೋಗಿಬಿಟ್ಟಾಗ ಅದು ಬರೀ ಕಲ್ಲಾಯಿತು. ಬಟ್ಟೆ ಒಗೆಯುವ ಕಲ್ಲಾಯಿತು, ತೂಬಿಗೆ ಅಡ್ಡ ಹಾಕುವ ಕಲ್ಲಾಯಿತು. ಒಳಗೆ ನಿಧಿ ಐತಿ ಅಂತ ಒಡೆದವರೂ ಇದ್ದಾರೆ.

ರೈಸ್ ಅವರು ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರ ಜುಲೈ ತಿಂಗಳಲ್ಲಿ. ತಂದೆ ರೆವರೆಂಡ್ ಬೆಂಜಮಿನ್ ರೈಸ್ ಲಂಡನ್ ಮಿಷನ್ನಿನ ಪಾದ್ರಿಗಳು. ಕನ್ನಡವನ್ನು ಚೆನ್ನಾಗಿ ಕಲಿತು ಕನ್ನಡದಲ್ಲಿಯೇ ಬರೆದವರು. ಬೆಂಗಳೂರಿಗೆ ಹೋದವರು ಅವೆನ್ಯೂ ರಸ್ತೆಯಲ್ಲಿ ರೈಸ್ ಮೆಮೋರಿಯಲ್ ಚರ್ಚನ್ನು ನೋಡಿರಬಹುದು. ಅದು ಈ ತಂದೆಯ ಹೆಸರಿನದು, ಮಗನದ್ದಲ್ಲ. ಹೀಗೆ ನಮ್ಮ ಲೂಯಿ ರೈಸ್ ಕಣ್ಣು ಬಿಟ್ಟದ್ದೇ ಕನ್ನಡ ಆಡುವ ಊರಿನಲ್ಲಿ. ವಿದ್ಯಾಭ್ಯಾಸಕ್ಕೆ ಇಂಗ್ಲೆಂಡಿಗೆ ಹೋಗಿ, 1860ರಲ್ಲಿ ತಿರುಗಿ ಬಂದು ಬೆಂಗಳೂರು ಹೈಸ್ಕೂಲಿಗೆ ಮುಖ್ಯೋಪಾಧ್ಯಾಯರಾದರು. ಮುಂದೆ ಸೆಂಟ್ರಲ್ ಕಾಲೇಜು ಆದದ್ದು ಇದೇ ಶಾಲೆ.

ಕೆಲವೇ ವರ್ಷಗಳಲ್ಲಿ ಅವರು ಮೈಸೂರು ಸೀಮೆಯ ಮತ್ತು ಕೊಡಗಿನ ಶಾಲೆಗಳ ಇನ್ಸ್‌ಪೆಕ್ಟರ್ ಆದರು. ಆಗಿನ ಇನ್ಸ್‌ಪೆಕ್ಟರ್ ಕೆಲಸ ಅಂದರೆ ಕುದುರೆ ಮೇಲೆ, ಗಾಡಿ ಮೇಲೆ ಊರೂರು ಸುತ್ತುವುದು. ರೈಲು ನಮ್ಮ ಕಡೆಗೆ ಇನ್ನೂ ಬಂದಿರಲಿಲ್ಲ. 1868ರಲ್ಲಿ ವಿದ್ಯಾ ಇಲಾಖೆಯ ಮೇಲಿನ ಹೊಣೆ ಅವರ ಕೈಗೆ ಬಂದಿದ್ದಾಗ ಹೋಬಳಿ ಶಾಲೆಗಳ ಯೋಜನೆ ಹಾಕಿದರು. ಪಟ್ಟಣದಲ್ಲಿ ಮಾತ್ರ ಇದ್ದ ಸರ್ಕಾರಿ ಶಾಲೆ ಹೋಬಳಿಗೆ ಒಂದರಂತೆ ಹಳ್ಳಿಗೂ ಬರಬೇಕು, ಪಾಠ ಕನ್ನಡದಲ್ಲಿ ಆಗಬೇಕು ಅನ್ನುವುದು ಅದರ ತಿರುಳು. ನಮ್ಮ ತಾತಂದಿರ ತಾತಂದಿರು ಮರಳಿನ ಮೇಲೆ ಅಕ್ಷರ ತಿದ್ದುತ್ತಿದ್ದ ಕೂಲಿಮಠದ ಕಾಲ ಅದು. ಹರಿಹರದಲ್ಲಿ ತುಂಗಭದ್ರೆಗೆ ದೊಡ್ಡ ಸೇತುವೆ ಮುಗಿದದ್ದೂ ಅದೇ 1868ರಲ್ಲಿ. ಸೇತುವೆಗೆ ಸುಮಾರು ಮೂರು ಲಕ್ಷ ರೂಪಾಯಿ ಹಿಡಿಯಿತಂತೆ. ಹಳ್ಳಿ ಶಾಲೆಯ ಲೆಕ್ಕ ಅಷ್ಟು ಸುಲಭವಾಗಿ ಕಣ್ಣಿಗೆ ಕಾಣುವಂಥದ್ದಲ್ಲ, ಆದರೆ ನನ್ನ ಮಟ್ಟಿಗೆ ಎರಡನೆಯದೇ ದೊಡ್ಡ ಸೇತುವೆ.

ರೈಸ್ ಅವರು ಶಾಸನಗಳ ಕೆಲಸಕ್ಕೆ ಬಿದ್ದದ್ದರಲ್ಲಿ ನಮ್ಮ ಹರಿಹರದ ಪಾಲು ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. 1865ರಲ್ಲಿ ಮೇಜರ್ ಡಿಕ್ಸನ್ ಅನ್ನುವ ಮಿಲಿಟರಿ ಅಧಿಕಾರಿ ಚಿತ್ರದುರ್ಗ, ಬಳ್ಳಿಗಾವೆ, ಹರಿಹರ ಮುಂತಾದ ಕಡೆಯ ಶಾಸನಗಳನ್ನು ಕ್ಯಾಮರಾದಲ್ಲಿ ಹಿಡಿದರು. ಫೋಟೋ ತೆಗೆಯುವುದೇ ಒಂದು ವಿಚಿತ್ರ ಅನ್ನಿಸುತ್ತಿದ್ದ ಕಾಲ. ಹರಿಹರದ ಹತ್ತಿರ ಆ ವರ್ಷದವರೆಗೂ ಒಂದು ದಂಡು ಇತ್ತು. ಫೋಟೋ ಬಂತು, ಓದುವವರು ಬೇಕಲ್ಲ. ಸೀಮೆಯನ್ನು ಆಳುತ್ತಿದ್ದ ಕಮಿಷನರ್ ಬೌರಿಂಗ್ ಸಾಹೇಬರ ಕಾಲಕ್ಕೆ ಈ ಕೆಲಸ ಕೊನೆಗೆ ರೈಸ್ ಅವರ ಕೈಗೆ ಬಂತು. ಹಳಗನ್ನಡ ಲಿಪಿ, ನಡುನಡುವೆ ಸಂಸ್ಕೃತ, ಸವೆದು ಹೋದ ಅಕ್ಷರ, ಪದ್ಯ ಎಲ್ಲಿ ಮುಗಿಯಿತು ಗದ್ಯ ಎಲ್ಲಿ ಶುರುವಾಯಿತು ಅನ್ನುವುದೂ ಗೊತ್ತಾಗದ ಸಾಲುಗಳು. ಪಂಡಿತರನ್ನು ಜೊತೆಗೆ ಕೂರಿಸಿಕೊಂಡು ವರ್ಷಗಟ್ಟಲೆ ಕೂತರು. ಅದರ ಫಲವಾಗಿ 1879ರಲ್ಲಿ ಮೈಸೂರು ಶಾಸನಗಳು ಅನ್ನುವ ಇಂಗ್ಲಿಷ್ ಪುಸ್ತಕ ಹೊರಬಂತು.

ಅದಕ್ಕೂ ಮೊದಲೇ ಇನ್ನೊಂದು ದೊಡ್ಡ ಕೆಲಸ ಮುಗಿಸಿದ್ದರು. ಮೈಸೂರು ಮತ್ತು ಕೊಡಗಿನ ಗೆಜೆಟಿಯರ್, ಮೂರು ಸಂಪುಟ, 1876ರಿಂದ 1878ರೊಳಗೆ. ಆ ವರ್ಷಗಳು ನಮ್ಮ ಕಡೆ ಜನ ಅನ್ನವಿಲ್ಲದೆ ಸತ್ತ ದೊಡ್ಡ ಬರದ ವರ್ಷಗಳೂ ಹೌದು. ಗೆಜೆಟಿಯರ್ ಅಂದರೆ ಒಂದು ಸೀಮೆಯ ಜಾತಕ ಇದ್ದ ಹಾಗೆ. ಮಣ್ಣು, ಮಳೆ, ಹೊಳೆ, ಗಿಡ, ಪ್ರಾಣಿ, ಜಾತಿ, ಬೆಳೆ, ಸಂತೆ, ಕಂದಾಯ, ರಾಜರ ಕಥೆ ಎಲ್ಲ ಒಂದೇ ಕಡೆ. ಇದೆಲ್ಲ ಬರೆದವರು ಒಬ್ಬರೇ ಅಂದರೆ ಈಗಿನ ಕಾಲೇಜಿನವರು ನಂಬುವುದು ಕಷ್ಟ. ಈಗ ಮಣ್ಣಿಗೆ ಒಬ್ಬರು, ಮಳೆಗೆ ಒಬ್ಬರು, ಇತಿಹಾಸಕ್ಕೆ ಒಬ್ಬರು. ದಾವಣಗೆರೆ ಮೊದಲು ಸಣ್ಣ ಹಳ್ಳಿಯಾಗಿತ್ತು, ಹೈದರಾಲಿ ಅದನ್ನು ಆಪೋಜಿರಾಮ ಅನ್ನುವ ಮರಾಠ ಸರದಾರನಿಗೆ ಜಹಗೀರು ಕೊಟ್ಟ, ಅವನು ವ್ಯಾಪಾರಸ್ಥರನ್ನು ಕರೆಸಿ ಪೇಟೆ ಬೆಳೆಸಿದ, ಇಲ್ಲಿನ ಕಂಬಳಿಗೆ ಬಹಳ ಹೆಸರು, ಮಲೆನಾಡಿನ ಅಡಿಕೆ ಮೆಣಸು ಇಲ್ಲಿಂದ ವಾಲಾಜಪೇಟೆಯ ತನಕ ಹೋಗುತ್ತಿತ್ತು, ಇಂಥ ಸಂಗತಿಗಳು ಗೆಜೆಟಿಯರ್‌ಗಳ ಮೂಲಕ ನಮ್ಮವರೆಗೆ ಉಳಿದು ಬಂದಿವೆ. ಹರಿಹರದ ಕೋಟೆ ಕಟ್ಟಿಸಿದ್ದು ತರೀಕೆರೆ ಪಾಳೆಯಗಾರರು, ಆಮೇಲೆ ಅದು ಸವಣೂರು ನವಾಬರಿಗೆ, ಬಿದನೂರಿನವರಿಗೆ, ಮರಾಠರಿಗೆ, ಹೈದರಾಲಿಗೆ ಹೀಗೆ ಕೈಯಿಂದ ಕೈಗೆ ಹೋಯಿತು ಅನ್ನುವುದೂ ಹಾಗೆಯೇ. 1897ರಲ್ಲಿ ರೈಸ್ ಅವರು ಮೈಸೂರಿನ ಭಾಗವನ್ನು ತಿದ್ದಿ ಬೆಳೆಸಿ ಎರಡು ಸಂಪುಟವಾಗಿ ಮತ್ತೆ ತಂದರು.

ಸರ್ಕಾರ ಇದನ್ನೆಲ್ಲ ಬರೆಸಿದ್ದು ನಮ್ಮ ಮೇಲಿನ ಪ್ರೀತಿಗಲ್ಲ. ಆಳುವವರಿಗೆ ಊರು ಗೊತ್ತಿರಬೇಕು, ಕಂದಾಯ ಗೊತ್ತಿರಬೇಕು. 1881ರ ಮೈಸೂರಿನ ಜನಗಣತಿಯ ವರದಿ ಬರೆದವರೂ ಇವರೇ. 1882ರಲ್ಲಿ ಇಡೀ ಇಂಡಿಯಾದ ವಿದ್ಯಾಭ್ಯಾಸದ ಬಗ್ಗೆ ಹಂಟರ್ ಆಯೋಗ ಕೂತಾಗ ಅದರ ಕಾರ್ಯದರ್ಶಿಯಾಗಿದ್ದವರೂ ಇವರೇ. ಆದರೆ ಆಳುವವರಿಗೆ ಬೇಕಾದಷ್ಟು ಬರೆದು ಮುಗಿಸಿ ಸುಮ್ಮನಾಗಬಹುದಿತ್ತು. ಅವರು ಹಾಗೆ ಮಾಡಲಿಲ್ಲ.

1880ರ ದಶಕದಲ್ಲಿ ಮೈಸೂರು ಸರ್ಕಾರ ಪ್ರಾಚ್ಯ ಸಂಶೋಧನೆಯ ಕೆಲಸವನ್ನು ಅವರಿಗೆ ವಹಿಸಿತು. ಅಲ್ಲಿಂದ ಮುಂದೆ ಅವರದ್ದು ಒಂದೇ ಹಟ. ಮೈಸೂರು ಸೀಮೆಯ ಪ್ರತಿ ತಾಲ್ಲೂಕಿನ ಪ್ರತಿ ಊರಿನ ಬರಹದ ಕಲ್ಲು, ತಾಮ್ರಪಟ ಎಲ್ಲವನ್ನೂ ಹುಡುಕಿ ಅಚ್ಚು ಮಾಡಿಸಬೇಕು. ಗುಡಿಯ ಹಿಂದೆ, ಹೊಲದ ಬದುವಿನ ಮೇಲೆ, ಕೆರೆ ಏರಿಯಲ್ಲಿ, ಮುಳ್ಳಿನ ಪೊದೆಯಲ್ಲಿ ಎಲ್ಲಿದ್ದರೂ ಸರಿ. ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಅಕ್ಷರದ ಗುಂಡಿಯೊಳಗೆ ಕಾಗದ ಇಳಿಯುವಂತೆ ಮಾಡಿ, ಮೇಲೆ ಮಸಿ ಬಡಿದರೆ ಅಕ್ಷರ ಬೆಳ್ಳಗೆ ಉಳಿದು ಸುತ್ತಲೂ ಕಪ್ಪಾಗುತ್ತದೆ. ಇದಕ್ಕೆ ಪಡಿಯಚ್ಚು ಅನ್ನುತ್ತಾರೆ. ಎಲ್ಲ ಕಡೆ ಇದು ಆಗುತ್ತಿರಲಿಲ್ಲ, ಎಷ್ಟೋ ಕಡೆ ಕಣ್ಣಿನಿಂದ ನೋಡಿ ಕೈಯಲ್ಲಿ ಬರೆದುಕೊಂಡು ಬರಬೇಕಿತ್ತು. ತಾಮ್ರಪಟ ಮನೆಯಲ್ಲಿಟ್ಟುಕೊಂಡವರು ಹೊರಗೆ ತೋರಿಸಲು ಹೆದರುವುದು ಸಹಜ. ಇನಾಂ ಭೂಮಿಯ ತಪಾಸಣೆ ನಡೆದಿದ್ದ ಕಾಲ, ಪಟ ಕೊಟ್ಟರೆ ಹೊಲವೂ ಹೋದೀತು ಅನ್ನುವ ಅನುಮಾನ ಯಾರಿಗಿಲ್ಲ ಹೇಳಿ.

ಹೀಗೆ ಕೂಡಿದ್ದು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಗ್ರಂಥಮಾಲೆ. ಮೊದಲ ಸಂಪುಟ ಕೊಡಗಿನದು, 1886ರಲ್ಲಿ. ಎರಡನೆಯದು ಶ್ರವಣಬೆಳಗೊಳ, 1889ರಲ್ಲಿ. 1905ರ ಹೊತ್ತಿಗೆ ಹನ್ನೆರಡು ಸಂಪುಟ ಮುಗಿದವು. ಒಟ್ಟು ಶಾಸನಗಳು ಹತ್ತಿರ ಹತ್ತಿರ 9 ಸಾವಿರ. ಪ್ರತಿಯೊಂದರ ಮೂಲ ಕನ್ನಡ ಅಕ್ಷರದಲ್ಲಿ, ಅದೇ ಪಾಠ ಇಂಗ್ಲಿಷ್ ಅಕ್ಷರದಲ್ಲಿ, ಜೊತೆಗೆ ಇಂಗ್ಲಿಷ್ ಅನುವಾದ, ಮುಂದೆ ಒಂದು ಪೀಠಿಕೆ. ನಮ್ಮ ನಾಡಿನ ಮೊದಲ ಸಹಕಾರ ಸಂಘ ಗದಗಿನ ಹತ್ತಿರದ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರಿಂದ ಶುರುವಾದದ್ದೂ ಆ 1905ರಲ್ಲೇ. ಇದು ಬರೀ ಕಾಕತಾಳೀಯ, ನಮ್ಮ ಸಂಚಿಕೆ ಅಂತ ಹೇಳಿದೆ ಅಷ್ಟೆ.

ನಮಗೆ ಸಂಬಂಧಪಟ್ಟದ್ದು ಹನ್ನೊಂದನೆಯ ಸಂಪುಟ, ಚಿತ್ರದುರ್ಗ ಜಿಲ್ಲೆಯದು. ದಾವಣಗೆರೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ ಅಲ್ಲವೇ, ರೈಸ್ ಅವರ ಕಾಲಕ್ಕೆ ನಾವು ಚಿತ್ರದುರ್ಗದವರು. ಹರಿಹರವೂ ಆಗ ದಾವಣಗೆರೆ ತಾಲ್ಲೂಕಿಗೆ ಸೇರಿತ್ತು. ಆದ್ದರಿಂದ ಹರಿಹರದ ಕಲ್ಲುಗಳನ್ನು ಆ ಪುಸ್ತಕದಲ್ಲಿ ಹುಡುಕುವವರು ದಾವಣಗೆರೆ ತಾಲ್ಲೂಕು ಅನ್ನುವ ತಲೆಬರಹದ ಕೆಳಗೇ ಹುಡುಕಬೇಕು.

ಹರಿಹರೇಶ್ವರ ಗುಡಿಗೆ ನಾವೆಲ್ಲ ಹೋಗುತ್ತೇವೆ. ಅರ್ಧ ಹರಿ ಅರ್ಧ ಹರ, ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾಗಿ ಬಂದರು ಅನ್ನುವ ಕಥೆ ಮಕ್ಕಳಿಗೂ ಗೊತ್ತು. ಆದರೆ ಈ ಗುಡಿ ಕಟ್ಟಿಸಿದವರು ಯಾರು ಅಂದರೆ ಮೊದಲೆಲ್ಲ ದೇವತೆಗಳು ಕಟ್ಟಿದ್ದು ಅನ್ನುತ್ತಿದ್ದರು, ಇಲ್ಲವೇ ಜಕಣಾಚಾರಿ ಅನ್ನುತ್ತಿದ್ದರು. ಅಲ್ಲಿಯೇ ನಿಂತಿರುವ ಕಲ್ಲು ಹೇಳುವುದು ಬೇರೆ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಇದನ್ನು ಕಟ್ಟಿಸಿದ. 1268ರಲ್ಲಿ ಸೋಮ ದಂಡನಾಯಕ ಐದು ನೆಲೆಯ ಮಹಾದ್ವಾರ ಕಟ್ಟಿಸಿ ಚಿನ್ನದ ಕಳಶ ಇಡಿಸಿದ. ಇವನೇ ಮೈಸೂರಿನ ಕಡೆ ಸೋಮನಾಥಪುರ ಕಟ್ಟಿಸಿದವನು. ಆಮೇಲೆ ಹೊಯ್ಸಳರಿಗೂ ದೇವಗಿರಿಯ ಸೇವುಣರಿಗೂ ಜಗಳ ಹತ್ತಿತು. ಸೇವುಣರ ಸೇನಾಪತಿ ಸಾಳುವ ತಿಕ್ಕಮ ದೋರಸಮುದ್ರದ ಮೇಲೆ ದಂಡೆತ್ತಿ ಹೋಗಿ ಬಂದು, 1277ರಲ್ಲಿ ಹರಿಹರದಲ್ಲಿ ತಮ್ಮ ಹಿಂದಿನ ರಾಜ ಮಹಾದೇವನ ಹೆಸರಿನಲ್ಲಿ ಲಕ್ಷ್ಮೀನಾರಾಯಣನ ಗುಡಿ ಮಾಡಿಸಿದ. ಹರಿಹರದ ಕಲ್ಲಿನ ಪ್ರಕಾರ ಗೆದ್ದವನು ತಿಕ್ಕಮ. ಹೊಯ್ಸಳರ ಕಡೆಯ ಶಾಸನ ತೆಗೆದು ನೋಡಿದರೆ ಬೆಳವಾಡಿಯಲ್ಲಿ ಅವನು ಸೋತು ದುಮ್ಮಿಯ ತನಕ ಓಡಿದ ಅಂತ ಇದೆ! ಎರಡೂ ಕಡೆಯ ಕಲ್ಲು ಅಚ್ಚಾಗಿ ಒಂದೇ ಮೇಜಿನ ಮೇಲೆ ಬಂದಾಗಲೇ ಈ ವಿಷಯ ತಿಳಿಯುವುದು. ಒಂದೇ ಕಡೆಯ ನಡಾವಳಿ ನೋಡಿ ತೀರ್ಮಾನ ಹೇಳಬಾರದು ಅನ್ನುವುದು ನಮ್ಮ ಸರ್ವಸದಸ್ಯರ ಸಭೆಗೆ ಬಂದವರಿಗೆಲ್ಲ ಗೊತ್ತಿರುವುದೇ.

ಅಣಜಿಯದು ಇನ್ನೂ ಹಳೆಯ ಕಲ್ಲು, ಕದಂಬರ ಕಾಲದ್ದು. ಕದಂಬ ಕೃಷ್ಣವರ್ಮನಿಗೂ ನಣಕ್ಕಾಸ ಎಂಬ ಪಲ್ಲವ ರಾಜನಿಗೂ ಕಾಳಗ ನಡೆದು, ಕೃಷ್ಣವರ್ಮನ ಸೈನ್ಯ ನಾಶವಾಯಿತು. ಅದನ್ನು ಕಂಡು ಬದುಕೇ ಬೇಡವಾಗಿ ಶಿವನಂದವರ್ಮ ಅನ್ನುವ ಅರಸ ದರ್ಭೆಯ ಹಾಸಿಗೆಯ ಮೇಲೆ ಮಲಗಿ ಪ್ರಾಣ ಬಿಡಲು ನಿಂತ. ಸುಮಾರು ಸಾವಿರದ ಐನೂರು ವರ್ಷದ ಹಿಂದಿನ ದುಃಖ ಇದು. ಗೆದ್ದವರ ಕಥೆ ಹೇಳುವ ಕಲ್ಲು ಬೇಕಾದಷ್ಟಿವೆ, ಸೋತವರ ಮನಸ್ಸು ಹೇಳುವ ಇಂಥದ್ದು ಅಪರೂಪ. ದಾವಣಗೆರೆಯಿಂದ ಬಸ್ಸಿನಲ್ಲಿ ಅಣಜಿ ದಾಟಿ ಹೋಗುವ ಎಷ್ಟು ಜನಕ್ಕೆ ಇದು ಗೊತ್ತು?

ನನ್ನನ್ನು ಕೇಳಿದರೆ ನಮ್ಮ ಸದಸ್ಯರು ಎಲ್ಲಕ್ಕಿಂತ ಮುಖ್ಯವಾಗಿ ತಿಳಿಯಬೇಕಾದದ್ದು ಹರಿಹರದ 1410ರ ಶಾಸನ. ಅದರಲ್ಲಿ ಯುದ್ಧ ಇಲ್ಲ. ಅದು ಒಂದು ಕಟ್ಟೆಯ ಕರಾರು. ಸೂಳೆಕೆರೆಯಿಂದ ಹೊರಟು ಹರಿಹರದ ಹತ್ತಿರ ತುಂಗಭದ್ರೆಗೆ ಸೇರುವ ಹರಿದ್ರಾ ಹಳ್ಳ ನಮಗೆಲ್ಲ ಗೊತ್ತು. ವಿಜಯನಗರದ ದೇವರಾಯನ ಕಾಲದಲ್ಲಿ ಹರಿಹರದ ಬ್ರಾಹ್ಮಣ ಮಹಾಜನರು ತಮ್ಮ ಖರ್ಚಿನಲ್ಲಿ ಅದಕ್ಕೆ ಅಡ್ಡಕಟ್ಟೆ ಹಾಕಿ, ಕಾಲುವೆ ತೆಗೆದು, ದೇವರ ಭೂಮಿಯ ಮೇಲೆ ನೀರು ಹಾಯಿಸಿದರು. ಹಣ ಒಬ್ಬರದು, ಭೂಮಿ ಇನ್ನೊಬ್ಬರದು. ಜಗಳ ಬರುವುದೇ ಇಂಥ ಕಡೆ. ಅದಕ್ಕೆ ಮೊದಲೇ ಕೂತು ಮಾತಾಡಿ ಕಲ್ಲಿಗೆ ಹಾಕಿದರು. ಆ ಕಾಲುವೆಯ ನೀರು ಹರಿಯುವ ಭೂಮಿಯಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಕಟ್ಟೆ ಕಟ್ಟಿಸಿದ ಮಹಾಜನರಿಗೆ. ಮುಂದೆ ಕಟ್ಟೆಗೋ ಕಾಲುವೆಗೋ ದುರಸ್ತಿ ಬಂದರೆ ಖರ್ಚೂ ಅದೇ ಲೆಕ್ಕದಲ್ಲಿ, ಎರಡು ಪಾಲು ದೇವಸ್ಥಾನದ ಭಂಡಾರದಿಂದ, ಒಂದು ಪಾಲು ಮಹಾಜನರಿಂದ. ಲಾಭ ಹಂಚಿಕೊಂಡ ಪ್ರಮಾಣದಲ್ಲೇ ಹೊರೆಯನ್ನೂ ಹೊರಬೇಕು. ಷೇರು, ಡಿವಿಡೆಂಡು, ಹೊಣೆಗಾರಿಕೆ ಅಂತ ನಾವು ಬೈಲಾದಲ್ಲಿ ಪುಟಗಟ್ಟಲೆ ಬರೆದುಕೊಂಡಿರುವುದನ್ನು ಅವರು ಕೆಲವೇ ಸಾಲಿನಲ್ಲಿ ಮುಗಿಸಿದ್ದಾರೆ.

ಆ ಕಟ್ಟೆ ಬಹಳ ದಿವಸ ನಿಲ್ಲಲಿಲ್ಲ. ಹರಿದ್ರೆ ತುಂಬಿ ಬಂದು ಒಡೆದು ಹೋಯಿತು. 1424ರ ಇನ್ನೊಂದು ಕಲ್ಲು ಅದನ್ನು ಹೇಳುತ್ತದೆ. ಆಗ ವಿಜಯನಗರದ ಸೇನಾಪತಿ ಚಾಮನೃಪನ ಸಹಾಯ ಪಡೆದು ಮತ್ತೆ ಕಟ್ಟಿಸಿದರು. ಭದ್ರಾ ನಾಲೆಯ ಕೊನೆ ಭಾಗದಲ್ಲಿರುವ ನಮಗೆ ನೀರಿನ ಸರದಿ ಅಂದರೆ ಏನು, ಮೇಲಿನವರು ತೂಬು ಎತ್ತಿದರೆ ಕೆಳಗಿನವರ ಗತಿ ಏನು ಅನ್ನುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆರುನೂರು ವರ್ಷದ ಹಿಂದೆ ಇದೇ ನೆಲದಲ್ಲಿ ಇದೇ ತೊಂದರೆಗೆ ಜನ ಒಂದು ದಾರಿ ಹುಡುಕಿಕೊಂಡಿದ್ದರು. ರೈಸ್ ಅವರು ಆ ಕಲ್ಲು ಓದಿಸಿ ಅಚ್ಚು ಹಾಕಿಸದಿದ್ದರೆ ಇದು ಕಲ್ಲಿನಲ್ಲೇ ಇದ್ದು ಯಾರಿಗೂ ತಿಳಿಯದೆ ಸವೆದು ಹೋಗುತ್ತಿತ್ತು.

ಇಂಥ ದಾನಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುವುದು ವಾಡಿಕೆ. ಕೊಟ್ಟದ್ದನ್ನು ಕಿತ್ತುಕೊಂಡವನು ಹುಳುವಾಗಿ ಹುಟ್ಟಲಿ, ಗೋವನ್ನು ಕೊಂದ ಪಾಪ ತಟ್ಟಲಿ ಅಂತ ಅದರ ಅರ್ಥ. ಆಡಿಟ್ ಇಲಾಖೆ ಇಲ್ಲದ ಕಾಲ ನೋಡಿ.

ಚಿತ್ರದುರ್ಗ ಜಿಲ್ಲೆಯಲ್ಲೇ ರೈಸ್ ಅವರಿಗೆ ಸಿಕ್ಕ ಇನ್ನೊಂದು ವಸ್ತು ದೇಶಕ್ಕೇ ದೊಡ್ಡದು. 1892ರಲ್ಲಿ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಈ ಮೂರು ಕಡೆ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿಯ ಶಾಸನಗಳು ಕಂಡವು. ಅಲ್ಲಿಯ ತನಕ ಅಶೋಕನ ಆಡಳಿತ ಇಷ್ಟು ದಕ್ಷಿಣಕ್ಕೆ ಮುಟ್ಟಿತ್ತು ಅನ್ನುವುದಕ್ಕೆ ಮೈಸೂರು ಸೀಮೆಯಲ್ಲಿ ಬರಹದ ಸಾಕ್ಷಿ ಇರಲಿಲ್ಲ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಆಜ್ಞೆ ಅದು. ಅದನ್ನು ಬರೆದವನ ಹೆಸರು ಚಪಡ. ಅವನು ತನ್ನ ಹೆಸರು ಬರೆದು, ತಾನು ಲಿಪಿಕಾರ ಅನ್ನುವ ಮಾತನ್ನು ಮಾತ್ರ ವಾಯವ್ಯ ದಿಕ್ಕಿನ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಅಂದರೆ ಅಷ್ಟು ದೂರದ ಲಿಪಿ ಬಲ್ಲವನೊಬ್ಬ ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಕೂತು ಬಂಡೆಯ ಮೇಲೆ ಬರೆದಿದ್ದ.

ಕಲ್ಲಿನ ಜೊತೆಗೆ ಓಲೆಗರಿಯ ಕೆಲಸವನ್ನೂ ಮಾಡಿದರು. ಮೈಸೂರು ಮತ್ತು ಕೊಡಗಿನಲ್ಲಿದ್ದ ಸಂಸ್ಕೃತ ಹಸ್ತಪ್ರತಿಗಳ ಪಟ್ಟಿಯನ್ನು 1884ರಲ್ಲಿ ತಂದರು. ಅದೇ ವರ್ಷ ನಾಗವರ್ಮನ ಕರ್ಣಾಟಕ ಭಾಷಾಭೂಷಣ, 1890ರಲ್ಲಿ ಭಟ್ಟಾಕಳಂಕನ ಶಬ್ದಾನುಶಾಸನ. ಇವೆರಡೂ ವ್ಯಾಕರಣ. 1892ರಲ್ಲಿ ನಾಗಚಂದ್ರನ ರಾಮಾಯಣ, 1898ರಲ್ಲಿ ಪಂಪ ಭಾರತ. ಕವಿರಾಜಮಾರ್ಗ ಕೂಡ ಇದೇ ಮಾಲೆಯಲ್ಲಿ 1898ರಲ್ಲೇ ಕೆ. ಬಿ. ಪಾಠಕರ ಸಂಪಾದಕತ್ವದಲ್ಲಿ ಅಚ್ಚಾಯಿತು. ಇವತ್ತು ನಮ್ಮ ಹುಡುಗರು ಪಂಪ ಆದಿಕವಿ ಅಂತ ಪರೀಕ್ಷೆಯಲ್ಲಿ ಬರೆದು ಅಂಕ ತೆಗೆಯುತ್ತಾರೆ. ಪಂಪನ ಭಾರತ ಮೊದಲು ಅಚ್ಚಿನ ಪುಸ್ತಕವಾಗಿ ಕೈಗೆ ಬಂದದ್ದು ಈ ಶಾಲಾ ಇನ್ಸ್‌ಪೆಕ್ಟರರಿಂದ. ಶಾಸನ ಓದಲು ಹಳಗನ್ನಡ ಬೇಕು, ಹಳಗನ್ನಡ ತಿಳಿಯಲು ವ್ಯಾಕರಣ ಬೇಕು, ಕವಿಯ ಕಾಲ ಗೊತ್ತಾಗಲು ಮತ್ತೆ ಶಾಸನವೇ ಬೇಕು. ಹೊರಗಿನಿಂದ ನೋಡಿದವರಿಗೆ ಇವರು ಹತ್ತು ಕಡೆ ಕೈ ಹಾಕಿದರು ಅನ್ನಿಸಬಹುದು. ಅವರಿಗೆ ಅದು ಒಂದೇ ಕೆಲಸದ ಹತ್ತು ಮಗ್ಗುಲು.

ಇನ್ನು ಅವರ ಕೊರತೆಯನ್ನೂ ಹೇಳಬೇಕು. ಜೀವನ ಚರಿತ್ರೆ ಅಂದರೆ ಬರೀ ಹೊಗಳಿಕೆ ಆಗಬಾರದು. ಕೆಲಸದ ವೇಗ ಹೆಚ್ಚು, ಕಣ್ಣಳತೆಯ ನಕಲು ಹೆಚ್ಚು, ಹಾಗಾಗಿ ಪಾಠದಲ್ಲಿ ತಪ್ಪುಗಳು ಉಳಿದವು. ಮುಂಬಯಿ ಸರ್ಕಾರದ ಕಡೆ ಜೆ. ಎಫ್. ಫ್ಲೀಟ್ ಅನ್ನುವ ಇನ್ನೊಬ್ಬ ದೊಡ್ಡ ಶಾಸನ ವಿದ್ವಾಂಸರಿದ್ದರು. ಗಂಗರ ಎಷ್ಟೋ ತಾಮ್ರಪಟಗಳು ಖೋಟಾ, ಆಮೇಲಿನವರು ಭೂಮಿಯ ಆಸೆಗೆ ಹಳೇ ರಾಜರ ಹೆಸರಿನಲ್ಲಿ ಬರೆಸಿಕೊಂಡದ್ದು ಅನ್ನುವುದು ಅವರ ವಾದ. ರೈಸ್ ಒಪ್ಪಲಿಲ್ಲ. ಚಂದ್ರಗುಪ್ತ ಮೌರ್ಯ ಭದ್ರಬಾಹುವಿನ ಜೊತೆ ಶ್ರವಣಬೆಳಗೊಳಕ್ಕೆ ಬಂದಿದ್ದ ಅನ್ನುವ ಮಾತನ್ನು ರೈಸ್ ನಂಬಿದರು, ಫ್ಲೀಟ್ ನಂಬಲಿಲ್ಲ. ಇಬ್ಬರೂ ವರ್ಷಗಟ್ಟಲೆ ಬರಹದಲ್ಲಿ ಜಗಳಾಡಿದರು. ಆಮೇಲಿನ ವಿದ್ವಾಂಸರು ನೋಡಿದಾಗ ಗಂಗರ ಪಟಗಳಲ್ಲಿ ಕೆಲವು ಖೋಟಾ, ಕೆಲವು ಅಸಲಿ ಅಂತ ಆಯಿತು. ಹೀಗೆ ಎರಡೂ ಕಡೆ ಸ್ವಲ್ಪ ಸ್ವಲ್ಪ ನ್ಯಾಯ ಸಿಕ್ಕಿತು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಈ ಸಂಪುಟಗಳನ್ನು ತಿದ್ದಿ ಬೆಳೆಸಿ ಮತ್ತೆ ಹೊರತರಲು ಶುರು ಮಾಡಿತು. ತಿದ್ದುವುದಕ್ಕೆ ಮೊದಲು ಒಂದು ಪ್ರತಿ ಇರಬೇಕಲ್ಲ, ಅದನ್ನು ಮಾಡಿಟ್ಟವರು ರೈಸ್.

ಇನ್ನೊಂದು ಮಾತು. ಮುಖಪುಟದಲ್ಲಿ ಹೆಸರು ಒಬ್ಬರದೇ ಇದ್ದರೂ ಬಿಸಿಲಿನಲ್ಲಿ ಕಲ್ಲು ತೊಳೆದವರು, ಕಾಗದ ತಟ್ಟಿದವರು, ಹಾಳು ಗುಡಿಯಲ್ಲಿ ಹಾವು ಚೇಳಿನ ನಡುವೆ ಕೂತು ಅಕ್ಷರ ನಕಲು ಮಾಡಿಕೊಂಡವರು, ರೈಸ್ ಅವರ ಪಕ್ಕದಲ್ಲಿ ಕೂತು ಅರ್ಥ ಬಿಡಿಸಿದ ಪಂಡಿತರು ಬಹಳ ಜನ. ಬರಹದ ಕಲ್ಲು ಇಂಥ ಕಡೆ ಐತಿ ಬನ್ನಿ ಅಂತ ದಾರಿ ತೋರಿಸಿದ ಶಾನುಭೋಗರು, ಪಟೇಲರು, ದನ ಕಾಯುವ ಹುಡುಗರು ಎಷ್ಟೋ. ಅವರಲ್ಲಿ ಒಬ್ಬರ ಹೆಸರು ಮಾತ್ರ ನಮ್ಮ ನಾಡಿಗೆಲ್ಲ ಗೊತ್ತಾಯಿತು, ಆರ್. ನರಸಿಂಹಾಚಾರ್ಯರದು. ರೈಸ್ ಅವರ ಕೈಕೆಳಗೆ ಸಹಾಯಕರಾಗಿದ್ದು, 1906ರಲ್ಲಿ ಅವರು ನಿವೃತ್ತರಾದಾಗ 그 ಸ್ಥಾನಕ್ಕೆ ಬಂದವರು. ಕನ್ನಡ ಕವಿಗಳ ಚರಿತ್ರೆಯಾದ ಕವಿಚರಿತೆ ಬರೆದವರು ಇವರೇ.

ನಿವೃತ್ತರಾದ ರೈಸ್ ಇಂಗ್ಲೆಂಡಿಗೆ ಹೋಗಿ ಹ್ಯಾರೋ ಅನ್ನುವ ಊರಿನಲ್ಲಿ ನೆಲೆಸಿದರು. ಆಗ ವಯಸ್ಸು ಎಪ್ಪತ್ತರ ಹತ್ತಿರ. ಆದರೂ ಸುಮ್ಮನೆ ಕೂರಲಿಲ್ಲ. ಹನ್ನೆರಡು ಸಂಪುಟದ ಸಾರವನ್ನೆಲ್ಲ ಹಿಂಡಿ ಶಾಸನಗಳಿಂದ ತಿಳಿಯುವ ಮೈಸೂರು ಮತ್ತು ಕೊಡಗು ಅನ್ನುವ ಪುಸ್ತಕವನ್ನು 1909ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದರು. ಕದಂಬರು, ಗಂಗರು, ಚಾಲುಕ್ಯರು, ರಾಷ್ಟ್ರಕೂಟರು, ಹೊಯ್ಸಳರು, ಸೇವುಣರು, ವಿಜಯನಗರದವರು ಅಂತ ನಾವು ಇಂದು ಶಾಲೆಯಲ್ಲಿ ಓದುವ ಸರಣಿಯನ್ನು ಈ ಸೀಮೆಯ ಕಲ್ಲುಗಳಿಂದಲೇ ಹೊಂದಿಸಿ ತೋರಿಸಿದ ಪುಸ್ತಕ ಅದು.

ಅವರು ತೀರಿಕೊಂಡದ್ದು 1927ರಲ್ಲಿ, ತೊಂಬತ್ತರ ಹತ್ತಿರದಲ್ಲಿ, ಹ್ಯಾರೋದಲ್ಲೇ. ಹರಿಹರದ ಗುಡಿಯ ಅಂಗಳದಲ್ಲಿ ಅವರು ಓದಿಸಿದ ಕಲ್ಲುಗಳು ನಿಂತಿವೆ. ಹಳ್ಳಿಗಳಲ್ಲಿದ್ದ ಕಲ್ಲುಗಳ ಮಾತು ಬೇರೆ, ಅವುಗಳಲ್ಲಿ ಕೆಲವು ರಸ್ತೆಯ ಕೆಳಗೆ, ಕೆಲವು ಮನೆಯ ತಳಪಾಯಕ್ಕೆ ಹೋಗಿವೆ. ಅಂಥವುಗಳಲ್ಲಿ ಬರೆದದ್ದು ಹನ್ನೊಂದನೆಯ ಸಂಪುಟದ ದಾವಣಗೆರೆ ತಾಲ್ಲೂಕಿನ ಪುಟಗಳಲ್ಲಿ, ಊರಿನ ಹೆಸರಿನ ಸಮೇತ ಇದೆ.